ನಿಗಮ-ಮಂಡಳಿ, ಆಯೋಗ, ಕುಲಪತಿ: ಈ ಕುರ್ಚಿಗಳಿಗೆ ಯಾರನ್ನ ಹೇಗೆ ಆರಿಸುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ವಿಜಯನಗರದಲ್ಲಿ ಒಂದು ಮಹಡಿ ಮೇಲಿನ ಕೋಣೆಯಲ್ಲಿ ನಾನು ಕೆಎಎಸ್, ಎಫ್‌ಡಿಎಯಂಥ ಸರ್ಕಾರಿ ಹುದ್ದೆಗಳ ಪರೀಕ್ಷೆಗೆ ಓದುವ ಮಕ್ಕಳಿಗೆ ಸಂವಿಧಾನದ ಪಾಠ ಮಾಡುತ್ತೇನೆ. ನಿಗಮ-ಮಂಡಳಿ ಪಟ್ಟಿ ಬಿಡುಗಡೆಯಾದ ದಿನ ಪಾಠ ಮುಂದಕ್ಕೆ ಹೋಗುವುದೇ ಇಲ್ಲ. "ಮೇಡಂ, ನಾವು ಒಂದು ಪೋಸ್ಟ್‌ಗೆ ಮೂರು ವರ್ಷದಿಂದ ಓದ್ತಾ ಇದೀವಿ, ಇವರಿಗೆ ಒಂದೇ ರಾತ್ರೀಲಿ ಹೇಗೆ ಸಿಕ್ತು?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆ ಮಕ್ಕಳಿಗೆ ಹೇಳಿದ ಉತ್ತರಗಳನ್ನೇ ಇಲ್ಲಿ ಬರೆದಿದ್ದೇನೆ.

ರಾಜಕೀಯ ನೇಮಕ ಅಂದರೆ ಎಲ್ಲವೂ ಸ್ವಜನ ಪಕ್ಷಪಾತವೇ?

ಅಲ್ಲ. ಗೆದ್ದ ಪಕ್ಷ ತನ್ನ ಕಾರ್ಯಕ್ರಮ ನಡೆಸಲು ತನ್ನ ನಂಬಿಕಸ್ಥರನ್ನು ಕೆಲವು ಕಡೆ ಕೂರಿಸಿಕೊಳ್ಳುವುದು ಸಹಜ. ಪರಿಚಯ ಇದೆ ಅನ್ನುವುದೇ ತಪ್ಪಲ್ಲ. ಪರಿಚಯ ಬಿಟ್ಟು ಬೇರೇನೂ ಇಲ್ಲದಿದ್ದಾಗ ತಪ್ಪಾಗುತ್ತದೆ. ಯಾವ ನೇಮಕ ಬಂದರೂ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಕುರ್ಚಿಯಲ್ಲಿ ಕೂರುವವರಿಗೆ ಏನು ಗೊತ್ತಿರಬೇಕು? ಇನ್ನು ಯಾರ್ಯಾರ ಹೆಸರು ಮುಂದಿತ್ತು? ಇವರನ್ನೇ ಯಾಕೆ ಆರಿಸಿದರು ಅನ್ನೋದು ಕಡತದಲ್ಲಿ ಬರಹದಲ್ಲಿದೆಯಾ? ಮೂರಕ್ಕೂ ಉತ್ತರ ಇದ್ದರೆ ನೇಮಕವಾದವರು ಮುಖ್ಯಮಂತ್ರಿಯ ಬಾಲ್ಯಸ್ನೇಹಿತರಾದರೂ ನನಗೆ ತಕರಾರಿಲ್ಲ.

ಮಂತ್ರಿಗಳಿಗೇ ವಿದ್ಯಾರ್ಹತೆ ಇಲ್ಲ, ಬೇರೆಯವರಿಗೆ ಯಾಕೆ ಕೇಳಬೇಕು?

ಮಂತ್ರಿಯನ್ನು ಜನ ಆರಿಸುತ್ತಾರೆ, ಐದು ವರ್ಷಕ್ಕೆ ಮನೆಗೂ ಕಳಿಸುತ್ತಾರೆ. ಅವರ ಅರ್ಹತೆ ಮತ. ಶಾಸಕರಲ್ಲದವರು ಮಂತ್ರಿಯಾದರೆ 6 ತಿಂಗಳೊಳಗೆ ಯಾವುದಾದರೊಂದು ಸದನದ ಸದಸ್ಯರಾಗಲೇಬೇಕು, ಸಂವಿಧಾನದ 164(4)ನೇ ವಿಧಿ ಹೀಗೆ ಹೇಳುತ್ತದೆ. ಪಂಜಾಬಿನಲ್ಲಿ 6 ತಿಂಗಳು ಮುಗಿದ ಮೇಲೆ ಅದೇ ವ್ಯಕ್ತಿಯನ್ನು ಮತ್ತೆ ಮಂತ್ರಿ ಮಾಡಿದ್ದನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಒಪ್ಪಲಿಲ್ಲ. ಆಯೋಗದ ಸದಸ್ಯರನ್ನು, ಕುಲಪತಿಯನ್ನು, ನಿಗಮದ ಅಧ್ಯಕ್ಷರನ್ನು ನಾವು ಯಾರೂ ಆರಿಸಿಲ್ಲ, ತೆಗೆಯುವ ಅಧಿಕಾರವೂ ನಮ್ಮ ಕೈಲಿಲ್ಲ. ಅದಕ್ಕೇ ಅಲ್ಲಿ ಅರ್ಹತೆಯ ಪ್ರಶ್ನೆ ಜಾಸ್ತಿ ಗಟ್ಟಿಯಾಗಿ ಕೇಳಬೇಕು.

ಪ್ರತಿ ಸರ್ಕಾರವೂ ನಿಗಮ-ಮಂಡಳಿ ಹಂಚುತ್ತದಲ್ಲ, ಯಾಕೆ?

ಇದರ ಹಿಂದೆ ಒಂದು ಲೆಕ್ಕ ಇದೆ. 2003ರ 91ನೇ ತಿದ್ದುಪಡಿಯ ಪ್ರಕಾರ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಒಟ್ಟು ಬಲದ ಶೇ 15ನ್ನು ಮೀರುವಂತಿಲ್ಲ. ನಮ್ಮಲ್ಲಿ 224 ಸ್ಥಾನ, ಹಾಗಾಗಿ ಮುಖ್ಯಮಂತ್ರಿಯೂ ಸೇರಿ 34 ಮಂದಿ. ಗೆದ್ದ ಪಕ್ಷದಲ್ಲಿ ನೂರಕ್ಕಿಂತ ಜಾಸ್ತಿ ಶಾಸಕರಿರುತ್ತಾರೆ, ಟಿಕೆಟ್ ಸಿಗದವರು, ಸೋತವರು ಬೇರೆ. ಸಚಿವ ಸ್ಥಾನ ತಪ್ಪಿದವರ ಅಸಮಾಧಾನ ತಣಿಸಲು ಅಧ್ಯಕ್ಷಗಿರಿ, ಅದಕ್ಕೊಂದು ಸಂಪುಟ ದರ್ಜೆ, ಸರ್ಕಾರಿ ಕಾರು. 2020ರ ಜುಲೈನಲ್ಲಿ ಬಿಜೆಪಿ ಸರ್ಕಾರ ಒಂದೇ ಸಲ 20ಕ್ಕೂ ಹೆಚ್ಚು ಶಾಸಕರಿಗೆ, 2024ರ ಜನವರಿಯಲ್ಲಿ ಕಾಂಗ್ರೆಸ್ ಸರ್ಕಾರ 30ಕ್ಕೂ ಹೆಚ್ಚು ಶಾಸಕರಿಗೆ ಹೀಗೆ ಸ್ಥಾನ ಕೊಟ್ಟವು. ಈ ಪಕ್ಷ ಆ ಪಕ್ಷ ಅನ್ನುವ ಜಗಳಕ್ಕೆ ಇಲ್ಲಿ ಜಾಗವಿಲ್ಲ. ಅಂದಹಾಗೆ, ಸಂಪುಟ ದರ್ಜೆ ಇದ್ದವರು ಮಂತ್ರಿಯಲ್ಲ. ಸಂಪುಟ ಸಭೆಯಲ್ಲಿ ಅವರಿಗೆ ಕುರ್ಚಿ ಇಲ್ಲ, ಸವಲತ್ತು ಮಾತ್ರ.

ನಿಗಮದ ಅಧ್ಯಕ್ಷರಿಗೆ ಕಾನೂನಿನಲ್ಲಿ ಏನು ಅರ್ಹತೆ ಇದೆ?

ಬಹಳಷ್ಟು ಕಡೆ ಏನೂ ಇಲ್ಲ. ನಮ್ಮ ಅನೇಕ ನಿಗಮಗಳು ಕಂಪನಿ ಕಾಯ್ದೆಯ ಅಡಿ ನೋಂದಣಿಯಾದ ಸರ್ಕಾರಿ ಕಂಪನಿಗಳು. 2013ರ ಕಂಪನಿ ಕಾಯ್ದೆಯ 164ನೇ ಸೆಕ್ಷನ್ ಯಾರು ನಿರ್ದೇಶಕರಾಗಬಾರದು ಅನ್ನುವುದನ್ನು ಹೇಳುತ್ತದೆ: ದಿವಾಳಿಯಾದವರು, ಕೆಲವು ಬಗೆಯ ಶಿಕ್ಷೆಗೆ ಒಳಗಾದವರು, ಹೀಗೆ. ಯಾರು ಆಗಬೇಕು ಅನ್ನುವುದನ್ನು ಹೇಳುವುದಿಲ್ಲ.

ನನ್ನ ತರಗತಿಯ ಒಬ್ಬ ಹುಡುಗನ ಅಪ್ಪ ಬಸ್ ಡ್ರೈವರ್. ಆ ಕೆಲಸಕ್ಕೆ ಸೇರಲು ಅವರಿಗೆ ಹೆವಿ ಲೈಸೆನ್ಸ್ ಬೇಕಿತ್ತು, ಬ್ಯಾಡ್ಜ್ ಬೇಕಿತ್ತು, ಕಣ್ಣಿನ ಪರೀಕ್ಷೆ ಆಯಿತು, ಟ್ರ್ಯಾಕ್‌ನಲ್ಲಿ ಗಾಡಿ ಓಡಿಸಿ ತೋರಿಸಬೇಕಾಯಿತು. ಸಾವಿರಾರು ಬಸ್ಸುಗಳ ಟೈರು, ಡೀಸೆಲ್, ಟೆಂಡರಿನ ಬಗ್ಗೆ ತೀರ್ಮಾನ ತೆಗೆದುಕೊಳ್ಳುವ ಸಭೆಯ ಅಧ್ಯಕ್ಷತೆ ವಹಿಸುವವರಿಗೆ ಇಂಥ ಒಂದು ಪಟ್ಟಿಯೂ ಇಲ್ಲ. ಆ ಹುಡುಗ ಇದನ್ನ ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಅಧ್ಯಕ್ಷರು ಯಾರಾದರೇನು? ಕೆಲಸ ಮಾಡೋದು ಎಂಡಿ ಅಲ್ವಾ?

ದಿನದ ಆಡಳಿತ ವ್ಯವಸ್ಥಾಪಕ ನಿರ್ದೇಶಕರದ್ದು, ಸಾಮಾನ್ಯವಾಗಿ ಐಎಎಸ್ ಅಥವಾ ಕೆಎಎಸ್ ಅಧಿಕಾರಿ. ಆದರೆ ದೊಡ್ಡ ತೀರ್ಮಾನ ಆಡಳಿತ ಮಂಡಳಿಯದ್ದು. ಮಂಡಳಿ ಸಭೆ ಕರೆಯದಿದ್ದರೆ ಕಡತ ನಿಲ್ಲುತ್ತದೆ.

ಕೆಲವು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿಯ ಜೊತೆ ಒಂದು ನಿಗಮದ ಕಚೇರಿಗೆ ಹೋಗಿದ್ದೆ. ಅವನ ತಂದೆಯ ಕೊಳವೆಬಾವಿ ಸಹಾಯಧನದ ಅರ್ಜಿ ಅಲ್ಲಿ ಬಾಕಿ ಇತ್ತು. ಕಾಯುವ ಬೆಂಚಿನ ಎದುರು ಗೋಡೆ ಮೇಲೆ ಒಂದು ಮರದ ಬೋರ್ಡ್. ಈವರೆಗಿನ ಅಧ್ಯಕ್ಷರ ಹೆಸರು, ಯಾವಾಗಿನಿಂದ ಯಾವಾಗಿನವರೆಗೆ, ಬಿಳಿ ಬಣ್ಣದಲ್ಲಿ. ಸುಮ್ನೆ ಕೂತು ಲೆಕ್ಕ ಹಾಕಿದೆ. ಹತ್ತು ವರ್ಷದಲ್ಲಿ ಏಳು ಹೆಸರು. ಒಂದು ಹೆಸರಿಗೂ ಇನ್ನೊಂದು ಹೆಸರಿಗೂ ನಡುವೆ ಐದು ತಿಂಗಳು, ಎಂಟು ತಿಂಗಳು ಖಾಲಿ. ಎರಡು ವರ್ಷ ಪೂರ್ತಿ ಕೂತವರು ಒಬ್ಬರೇ. ಗುಮಾಸ್ತರು ಒಳ್ಳೆಯವರು, ಕಡತ ತೆಗೆದು ತೋರಿಸಿದರು. "ಎಲ್ಲ ಸರಿಯಾಗಿದೆ ಮೇಡಂ. ಹೊಸ ಅಧ್ಯಕ್ಷರು ಬರ್ಲಿ, ಮೀಟಿಂಗ್ ಆಗ್ಲಿ" ಅಂದರು. ಆ ಬೇಸಿಗೆ ಹೋಯಿತು. ಬಾವಿ ಕೊರೆದದ್ದು ಮುಂದಿನ ವರ್ಷ. ಅಷ್ಟರಲ್ಲಿ ಆ ಮನೆಯವರು ಅರ್ಧ ತೋಟ ಕಳೆದುಕೊಂಡಿದ್ದರು.

ಲೆಕ್ಕಪತ್ರ ಓದಬಲ್ಲ ಮಂಡಳಿ ಇರಬೇಕಾದ್ದು ಇನ್ನೂ ಒಂದು ಕಾರಣಕ್ಕೆ. 2024ರಲ್ಲಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಖಾತೆಯಿಂದ ಕೋಟಿಗಟ್ಟಲೆ ಹಣ ಅಕ್ರಮವಾಗಿ ವರ್ಗಾವಣೆಯಾದ ವಿಷಯ ಹೊರಬಂತು, ಸಚಿವರು ರಾಜೀನಾಮೆ ಕೊಟ್ಟರು. ಅದು ಅಧ್ಯಕ್ಷರ ನೇಮಕದಿಂದ ಆಯಿತು ಅಂತ ನಾನು ಹೇಳುತ್ತಿಲ್ಲ. ಬಡವರಿಗೆ ಸೇರಬೇಕಾದ ಹಣದ ಮೇಲೆ ಕಣ್ಣಿಡುವವರಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಅರ್ಥ ಮಾಡಿಕೊಳ್ಳಲು ಬರಬೇಕು ಅಂತ ಹೇಳುತ್ತಿದ್ದೇನೆ.

ಶಾಸಕರು ಅಧ್ಯಕ್ಷರಾದರೆ ಲಾಭದಾಯಕ ಹುದ್ದೆ ಆಗುವುದಿಲ್ಲವೇ?

ಆಗಬಹುದು. ಸರ್ಕಾರದಿಂದ ಹಣ ಬರುವ ಹುದ್ದೆಯಲ್ಲಿ ಶಾಸಕರು ಕೂತರೆ ಸದಸ್ಯತ್ವ ಹೋಗುತ್ತದೆ ಅಂತ 191ನೇ ವಿಧಿ ಹೇಳುತ್ತದೆ. ಆದರೆ ಯಾವ ಹುದ್ದೆಗೆ ವಿನಾಯಿತಿ ಅಂತ ಶಾಸಕಾಂಗವೇ ಕಾನೂನು ಮಾಡಿಕೊಳ್ಳಬಹುದು. ನಮ್ಮಲ್ಲಿ 1956ರ ಕಾಯ್ದೆ ಇದೆ, ಬೇಕಾದಾಗ ತಿದ್ದಿ ಹುದ್ದೆ ಸೇರಿಸುತ್ತಾರೆ. ಸಂಸತ್ತಿಗೆ ಇಂಥದ್ದೇ 102ನೇ ವಿಧಿ. ಉತ್ತರ ಪ್ರದೇಶದ ಚಲನಚಿತ್ರ ಅಭಿವೃದ್ಧಿ ಮಂಡಳಿಯ ಅಧ್ಯಕ್ಷೆಯಾಗಿದ್ದ ಕಾರಣ ಜಯಾ ಬಚ್ಚನ್ 2006ರಲ್ಲಿ ರಾಜ್ಯಸಭೆ ಸದಸ್ಯತ್ವ ಕಳೆದುಕೊಂಡರು. ಹಣ ತೆಗೆದುಕೊಂಡರೋ ಇಲ್ಲವೋ ಮುಖ್ಯವಲ್ಲ, ಹುದ್ದೆಗೆ ಹಣ ನಿಗದಿಯಾಗಿತ್ತೇ ಅನ್ನುವುದು ಮುಖ್ಯ ಅಂದಿತು ಕೋರ್ಟ್.

ಕಾನೂನಿನಲ್ಲಿ ಅರ್ಹತೆ ಬರೆದಿದ್ದರೆ ಸಮಸ್ಯೆ ಮುಗಿಯಿತಲ್ಲ?

ಇಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯನ್ನೇ ನೋಡಿ. ಅಧ್ಯಕ್ಷರಿಗೆ ಪರಿಸರ ರಕ್ಷಣೆಯಲ್ಲಿ ವಿಶೇಷ ತಿಳಿವಳಿಕೆ ಅಥವಾ ಅನುಭವ ಇರಬೇಕು, ಇಲ್ಲವೇ ಅಂಥ ಸಂಸ್ಥೆ ನಡೆಸಿದ ಅನುಭವ ಇರಬೇಕು ಅಂತ 1974ರ ಜಲ ಕಾಯ್ದೆ ಹೇಳುತ್ತದೆ. 'ವಿಶೇಷ ತಿಳಿವಳಿಕೆ' ಅಂದರೆ ಎಷ್ಟು? ಗಿಡ ನೆಡುವ ಕಾರ್ಯಕ್ರಮಕ್ಕೆ ಹೋದದ್ದೂ ಅನುಭವವೇ? ರಾಜ್ಯಗಳು ಈ ಮಾತನ್ನು ಬೇಕಾದಂತೆ ಎಳೆದವು. 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, 6 ತಿಂಗಳೊಳಗೆ ಸ್ಪಷ್ಟ ನಿಯಮ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ಅದೇ ವರ್ಷದ ಫೆಬ್ರವರಿಯಲ್ಲಿ ನಮ್ಮ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಿತ್ತು, 2018ರ ಜನವರಿಯಲ್ಲಿ ಮತ್ತೆ ಬಿತ್ತು. ಕೆರೆಯ ನೀರಿನಲ್ಲಿ ಏನು ಬೆರೆತಿದೆ ಅನ್ನುವ ವರದಿ ಓದಿ ಅರ್ಥ ಮಾಡಿಕೊಳ್ಳುವವರು ಆ ಕುರ್ಚಿಯಲ್ಲಿ ಇರಬೇಕು ಅಂತ ಕೇಳೋದು ದೊಡ್ಡ ಆಸೆಯಲ್ಲ.

ಕೆಪಿಎಸ್‌ಸಿ ಸದಸ್ಯರನ್ನು ಹೇಗೆ ನೇಮಿಸುತ್ತಾರೆ?

ನನ್ನ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಇನ್ನೊಂದಿಲ್ಲ. ಕೆಪಿಎಸ್‌ಸಿ, ಅಂದರೆ ಅವರ ಪರೀಕ್ಷೆ ನಡೆಸುವ ಕರ್ನಾಟಕ ಲೋಕಸೇವಾ ಆಯೋಗದ ಅಧ್ಯಕ್ಷರನ್ನೂ ಸದಸ್ಯರನ್ನೂ ರಾಜ್ಯಪಾಲರು ನೇಮಿಸುತ್ತಾರೆ, ಅಂದರೆ ಸರ್ಕಾರದ ಸಲಹೆಯಂತೆ. 316ನೇ ವಿಧಿಯ ಪ್ರಕಾರ ಸಾಧ್ಯವಾದ ಮಟ್ಟಿಗೆ ಅರ್ಧದಷ್ಟು ಮಂದಿ ಕನಿಷ್ಠ 10 ವರ್ಷ ಸರ್ಕಾರಿ ಹುದ್ದೆಯಲ್ಲಿದ್ದವರಾಗಿರಬೇಕು. ಉಳಿದ ಅರ್ಧ? ಸಂವಿಧಾನ ಏನೂ ಹೇಳಿಲ್ಲ. ಶಿಫಾರಸು, ವಶೀಲಿ ನುಗ್ಗುವುದು ಆ ಬಾಗಿಲಿನಿಂದ. ಅವಧಿ 6 ವರ್ಷ ಅಥವಾ 62 ವಯಸ್ಸು. ಒಮ್ಮೆ ಕೂತವರನ್ನು ತೆಗೆಯುವುದು ಸುಲಭವಲ್ಲ. ದುರ್ನಡತೆಯ ಆರೋಪವಿದ್ದರೆ ಸುಪ್ರೀಂ ಕೋರ್ಟ್ ವಿಚಾರಣೆ ನಡೆಸಿ ವರದಿ ಕೊಡಬೇಕು, ಆಮೇಲೆ ರಾಷ್ಟ್ರಪತಿ ತೆಗೆಯಬೇಕು. ಸರ್ಕಾರಕ್ಕೆ ಹೆದರದೆ ಕೆಲಸ ಮಾಡಲಿ ಅಂತ ಕೊಟ್ಟ ರಕ್ಷಣೆ ಇದು. ತಪ್ಪು ವ್ಯಕ್ತಿಗೆ ಸಿಕ್ಕರೆ ಅದೇ ಕೋಟೆಯಾಗುತ್ತದೆ.

2013ರ ಪಂಜಾಬ್ ಪ್ರಕರಣವನ್ನು ನಾನು ಪ್ರತಿ ಬ್ಯಾಚ್‌ಗೂ ಪಾಠ ಮಾಡುತ್ತೇನೆ. ಅಲ್ಲಿನ ಲೋಕಸೇವಾ ಆಯೋಗದ ಅಧ್ಯಕ್ಷರಾಗಿ ಒಬ್ಬ ವಕೀಲರನ್ನು ನೇಮಿಸಿದ್ದರು. ಆ ಹುದ್ದೆಗೆ ಬೇಕಾದ ತಿಳಿವಳಿಕೆ, ಅನುಭವ ಅವರಿಗಿದೆ ಅಂತ ತೋರಿಸುವ ಸಾಮಗ್ರಿಯೇ ಕಡತದಲ್ಲಿರಲಿಲ್ಲ. ಹೈಕೋರ್ಟ್ ನೇಮಕ ರದ್ದು ಮಾಡಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಂವಿಧಾನದಲ್ಲಿ ಅರ್ಹತೆ ಬರೆದಿಲ್ಲ ಅಂದ ಮಾತ್ರಕ್ಕೆ ಯಾರನ್ನಾದರೂ ಕೂರಿಸಬಹುದು ಅಂತಲ್ಲ. ನನ್ನ ಮೂರನೇ ಪ್ರಶ್ನೆ ಹುಟ್ಟಿದ್ದು ಅಲ್ಲಿಂದಲೇ.

ನಮ್ಮಲ್ಲಿ 2011ರ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ (ಕೆಎಎಸ್ ಮೊದಲಾದ ಅಧಿಕಾರಿ) ಹುದ್ದೆಗಳ ನೇಮಕ ಅಕ್ರಮದ ಆರೋಪದ ಮೇಲೆ ಸಿಐಡಿ ತನಿಖೆಗೆ ಹೋಯಿತು. 2014ರಲ್ಲಿ ಸರ್ಕಾರ ಪಟ್ಟಿಯನ್ನೇ ಹಿಂದಕ್ಕೆ ಪಡೆಯಿತು. 2022ರಲ್ಲಿ ಶಾಸಕಾಂಗ ಕಾಯ್ದೆ ಮಾಡಿ ಅದೇ ಆಯ್ಕೆಯನ್ನು ಸಿಂಧು ಮಾಡಿತು. ಪ್ರಾಮಾಣಿಕವಾಗಿ ಬರೆದು ಗೆದ್ದವರೂ ಅದರಲ್ಲಿದ್ದರು, ಅವರ ಯೌವನದ ಹತ್ತು ವರ್ಷ ಕೋರ್ಟಿನ ಕಾರಿಡಾರಿನಲ್ಲಿ ಹೋಯಿತು. ಆಯೋಗದ ಸುಧಾರಣೆಗೆ ಅಂತ ಯುಪಿಎಸ್‌ಸಿಯ ಮಾಜಿ ಅಧ್ಯಕ್ಷ ಪಿ.ಸಿ. ಹೋಟಾ ಅವರ ಸಮಿತಿ 2013ರಲ್ಲೇ ಬಂದಿತ್ತು. ಆದರೂ 2024ರ ಆಗಸ್ಟ್ 27ರಂದು 384 ಹುದ್ದೆಗಳಿಗೆ ನಡೆದ ಪೂರ್ವಭಾವಿ ಪರೀಕ್ಷೆಯನ್ನು ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ರಂದು ಮತ್ತೆ ನಡೆಸಬೇಕಾಯಿತು. ಕನ್ನಡ ನಾಡಿನ ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆ ಅರ್ಥವಾಗಲಿಲ್ಲ ಅಂತ ಮಕ್ಕಳು ಅತ್ತರು. ಆಯೋಗದಲ್ಲಿ ಯಾರು ಕೂರುತ್ತಾರೆ ಅನ್ನುವುದು ಕೊನೆಗೆ ಪ್ರಶ್ನೆಪತ್ರಿಕೆಗೂ ಬಂದು ಮುಟ್ಟುತ್ತದೆ.

ಲೋಕಾಯುಕ್ತದಂಥ ಕಾವಲು ಸಂಸ್ಥೆಗಳಲ್ಲಿ?

1984ರ ಕಾಯ್ದೆಯಂತೆ ಲೋಕಾಯುಕ್ತರಾಗಲು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಅಥವಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರೇ ಬೇಕಿತ್ತು. 2015ರ ತಿದ್ದುಪಡಿ 10 ವರ್ಷ ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದವರಿಗೂ ಬಾಗಿಲು ತೆರೆಯಿತು. ನೇಮಕಕ್ಕೆ ಮುಂಚೆ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ, ಎರಡೂ ಸದನಗಳ ಮುಖ್ಯಸ್ಥರು, ವಿರೋಧ ಪಕ್ಷದ ನಾಯಕರ ಜೊತೆ ಸಮಾಲೋಚನೆ ಆಗಲೇಬೇಕು. ಮುಖ್ಯ ನ್ಯಾಯಮೂರ್ತಿಯನ್ನು ಕೇಳದೆ ಉಪಲೋಕಾಯುಕ್ತರನ್ನು ನೇಮಿಸಿದ್ದು 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ನೇಮಕವಾದವರು ನಿವೃತ್ತ ನ್ಯಾಯಮೂರ್ತಿ, ಅವರ ಅರ್ಹತೆ ಬಗ್ಗೆ ಜಗಳ ಇರಲಿಲ್ಲ. ಕೇಳಬೇಕಾದವರನ್ನು ಕೇಳಲಿಲ್ಲ, ಅಷ್ಟೇ.

ದೆಹಲಿಯಲ್ಲಿ 2011ರ ಮಾರ್ಚ್ 3ರಂದು ಕೇಂದ್ರ ಜಾಗೃತ ಆಯುಕ್ತ ಪಿ.ಜೆ. ಥಾಮಸ್ ಅವರ ನೇಮಕ ಸುಪ್ರೀಂ ಕೋರ್ಟಿನಲ್ಲಿ ರದ್ದಾಯಿತು. ಆಯ್ಕೆ ಸಮಿತಿಯಲ್ಲಿದ್ದ ವಿರೋಧ ಪಕ್ಷದ ನಾಯಕಿ ಸುಷ್ಮಾ ಸ್ವರಾಜ್ ಒಪ್ಪಿರಲಿಲ್ಲ. ಥಾಮಸ್ ವಿರುದ್ಧ ಇಲಾಖಾ ಕ್ರಮ ಸೂಚಿಸಿದ್ದ ಹಳೆಯ ಟಿಪ್ಪಣಿಗಳು ಸಮಿತಿಯ ಮುಂದೆ ಬಂದೇ ಇರಲಿಲ್ಲ. ವ್ಯಕ್ತಿ ಒಳ್ಳೆಯವರೇ ಇರಬಹುದು, ಆದರೆ ಅವರು ಕೂತರೆ ಸಂಸ್ಥೆಯ ಮೇಲೆ ಜನ ನಂಬಿಕೆ ಇಡುತ್ತಾರೆಯೇ ಅಂತ ನೋಡಬೇಕು ಅಂದಿತು ಕೋರ್ಟ್.

ಮಾಹಿತಿ ಆಯುಕ್ತರು?

ಶಾಸಕರಾಗಿರಬಾರದು, ಯಾವ ಪಕ್ಷದ ಜೊತೆಗೂ ಸಂಬಂಧ ಇರಬಾರದು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲೇ ಇದೆ. ಅರ್ಜಿ ಕರೆಯಬೇಕು, ಆಯ್ಕೆಯ ಮಾನದಂಡ ಜನರಿಗೆ ತಿಳಿಸಬೇಕು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಿಶ್ವವಿದ್ಯಾಲಯದ ಕುಲಪತಿಗಳ ವಿಷಯ?

ಇಲ್ಲಿ ಅರ್ಹತೆ ಸ್ಪಷ್ಟವಾಗಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದಂತೆ ಪ್ರಾಧ್ಯಾಪಕರಾಗಿ ಇಲ್ಲವೇ ಹೆಸರಾಂತ ಸಂಶೋಧನಾ ಅಥವಾ ಶೈಕ್ಷಣಿಕ ಆಡಳಿತ ಸಂಸ್ಥೆಯಲ್ಲಿ ಕನಿಷ್ಠ 10 ವರ್ಷ ಅನುಭವ, ಶೋಧನಾ ಸಮಿತಿಯಿಂದ 3ರಿಂದ 5 ಹೆಸರುಗಳ ಪಟ್ಟಿ. ಕೇರಳದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಮಿತಿ ಒಂದೇ ಹೆಸರು ಕಳಿಸಿತ್ತು, 2022ರ ಅಕ್ಟೋಬರಿನಲ್ಲಿ ಆ ನೇಮಕ ರದ್ದಾಯಿತು. ಒಂದೇ ಹೆಸರು ಬಂದರೆ ಆಯ್ಕೆ ಎಲ್ಲಿ ಉಳಿಯಿತು? ನಮ್ಮಲ್ಲಿ ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿ ಇವರೇ ಯಾಕೆ ಅನ್ನುವುದು ಮಾತ್ರ ಹೊರಗೆ ಬರುವುದಿಲ್ಲ.

ವಿಧಾನ ಪರಿಷತ್ತಿನ ನಾಮನಿರ್ದೇಶನ?

75ರಲ್ಲಿ 11 ಸ್ಥಾನ. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಯಲ್ಲಿ ಅನುಭವ ಇರುವವರಿಗೆ. ಪಕ್ಷಾಂತರದಿಂದ ಶಾಸಕ ಸ್ಥಾನಕ್ಕೆ ಅನರ್ಹಗೊಂಡಿದ್ದ ಎ.ಎಚ್. ವಿಶ್ವನಾಥ್ ಅವರನ್ನು 2020ರಲ್ಲಿ ಹೀಗೆ ನೇಮಿಸಿದಾಗ, ನಾಮನಿರ್ದೇಶನದಿಂದ ಅನರ್ಹತೆ ಕಳೆಯುವುದಿಲ್ಲ, ಮಂತ್ರಿಯಾಗುವಂತಿಲ್ಲ ಅಂತ ಹೈಕೋರ್ಟ್ ಹೇಳಿತು.

ಜಾತಿ, ಜಿಲ್ಲೆ ನೋಡಿ ಕೊಡೋದೂ ಪಕ್ಷಪಾತವೇ?

ಇದನ್ನ ಕೇಳುವವರ ಮನಸ್ಸಿನಲ್ಲಿ ಅರ್ಹತೆ ಅಂದರೆ ಮಾರ್ಕ್ಸ್ ಅನ್ನೋ ಲೆಕ್ಕ ಇರುತ್ತದೆ. ನಾನು ಒಪ್ಪುವುದಿಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಬಗ್ಗೆ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ನನಗೆ ವಿಶ್ವೇಶ್ವರಯ್ಯನವರ ಮೇಲೆ ಅಪಾರ ಗೌರವವಿದೆ, ಆದರೆ ಈ ವಿಷಯದಲ್ಲಿ ಮಹಾರಾಜರು ಸರಿ. ಕುರಿ ಸಾಕಿದ ಮನೆಯಿಂದ ಬಂದವರಿಗೆ ಕುರಿ ಅಭಿವೃದ್ಧಿ ನಿಗಮದಲ್ಲಿ ಏನು ಮಾಡಬೇಕು ಅನ್ನೋದು ಪದವಿಗಿಂತ ಚೆನ್ನಾಗಿ ಗೊತ್ತಿರಬಹುದು. ಅದೂ ಅರ್ಹತೆಯೇ. ಸಮುದಾಯದ ಹೆಸರಿನಲ್ಲಿ ಸ್ಥಾನ ಕೊಟ್ಟು, ಆ ಸಮುದಾಯದೊಳಗೆ ಯಾರು ಕೆಲಸ ಬಲ್ಲವರು ಅಂತ ನೋಡದೆ ಯಾರು ಹಿಂದೆ ತಿರುಗಿದರು ಅಂತ ನೋಡಿದರೆ, ಮೋಸವಾಗುವುದು ಆ ಸಮುದಾಯಕ್ಕೇ.

ಬೇರೆ ದೇಶಗಳಲ್ಲಿ ಹೀಗೆಲ್ಲ ಆಗುತ್ತದೆಯೇ?

ಆಗುತ್ತದೆ. ಅಮೆರಿಕದಲ್ಲಿ ವಿಪತ್ತು ನಿರ್ವಹಣೆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಮೈಕೆಲ್ ಬ್ರೌನ್ ಅದಕ್ಕೂ ಮುಂಚೆ ಅರೇಬಿಯನ್ ಕುದುರೆಗಳ ಸಂಘದಲ್ಲಿ ಕೆಲಸ ಮಾಡಿದ್ದವರು. 2005ರ ಆಗಸ್ಟಿನಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಪರಿಹಾರ ಕಾರ್ಯ ಎಡವಿತು, ಸೆಪ್ಟೆಂಬರಿನಲ್ಲಿ ಅವರು ರಾಜೀನಾಮೆ ಕೊಟ್ಟರು. ಮರುತಿಂಗಳು ಅಧ್ಯಕ್ಷ ಬುಷ್ ತಮ್ಮ ಆಪ್ತ ವಕೀಲೆ ಹ್ಯಾರಿಯಟ್ ಮಿಯರ್ಸ್ ಹೆಸರನ್ನು ಸುಪ್ರೀಂ ಕೋರ್ಟಿಗೆ ಸೂಚಿಸಿದರು. ಅವರ ಪಕ್ಷದವರೇ ಅನುಭವ ಸಾಲದು ಅಂದರು, ಆಕೆ ಹಿಂದೆ ಸರಿದರು. ಅಲ್ಲಿ ದೊಡ್ಡ ನೇಮಕಗಳಿಗೆ ಸೆನೆಟ್ ಒಪ್ಪಬೇಕು, ಎಲ್ಲರೆದುರು ಪ್ರಶ್ನೆ ಕೇಳುತ್ತಾರೆ. ನಮ್ಮಲ್ಲೂ ನಿಗಮದ ಅಧ್ಯಕ್ಷರನ್ನು ಶಾಸಕಾಂಗದ ಒಂದು ಸಮಿತಿ ಅರ್ಧ ದಿನ ಪ್ರಶ್ನೆ ಕೇಳಿದರೆ ಸಾಕು, ಎಷ್ಟೋ ಹೆಸರು ತಾವಾಗಿಯೇ ಹಿಂದೆ ಸರಿಯುತ್ತವೆ ಅಂತ ನನ್ನ ನಂಬಿಕೆ.

ಅನರ್ಹರು ಕೂತಿದ್ದಾರೆ ಅನ್ನಿಸಿದರೆ ಕೋರ್ಟಿಗೆ ಹೋಗಬಹುದೇ?

ಹೋಗಬಹುದು. 'ಯಾವ ಅಧಿಕಾರದಿಂದ ಈ ಹುದ್ದೆಯಲ್ಲಿದ್ದೀರಿ?' ಅಂತ ಕೇಳುವ ಕೋ ವಾರಂಟೋ ರಿಟ್ ಇದೆ. ನಿಮಗೇ ನಷ್ಟವಾಗಿರಬೇಕು ಅಂತಿಲ್ಲ. ಇದರ ಬಗ್ಗೆ ಇಡೀ ದೇಶ ಇವತ್ತಿಗೂ ಉದಾಹರಿಸುವ ತೀರ್ಪು ನಮ್ಮ ಬೆಂಗಳೂರಿನದು. ಸೆಂಟ್ರಲ್ ಕಾಲೇಜಿನ ಇಂಗ್ಲಿಷ್ ರೀಡರ್ ಹುದ್ದೆಯ ನೇಮಕ ಸರಿಯಿಲ್ಲ ಅಂತ ಗೋವಿಂದ ರಾವ್ ಅನ್ನುವವರು ಕೋರ್ಟಿಗೆ ಹೋದರು. ಮೈಸೂರು ಹೈಕೋರ್ಟ್ ನೇಮಕ ರದ್ದು ಮಾಡಿತು. 1963ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ತಜ್ಞರು ಆರಿಸಿದ್ದರಲ್ಲಿ ಕೋರ್ಟ್ ಸುಲಭಕ್ಕೆ ಕೈ ಹಾಕಬಾರದು ಅಂದಿತು. 2006ರಲ್ಲಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ವ್ಯವಸ್ಥಾಪಕ ನಿರ್ದೇಶಕರ ಪ್ರಕರಣದಲ್ಲೂ ನೇಮಕ ರದ್ದು ಮಾಡಿದ್ದ ಹೈಕೋರ್ಟ್ ತೀರ್ಪು ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಕಾನೂನಿನ ನಿಯಮ ಮುರಿದಿದ್ದರೆ ಮಾತ್ರ ಈ ರಿಟ್. ಅಂದರೆ ನಿಯಮವೇ ಇಲ್ಲದ ಕುರ್ಚಿಯನ್ನು ಕೋರ್ಟ್ ಮುಟ್ಟುವುದು ಕಷ್ಟ. ನಿಯಮ ಬರೆಸುವ ಕೆಲಸ ಅದಕ್ಕೇ ಮೊದಲು ಆಗಬೇಕು.

ನನ್ನಂಥವರು ಏನು ಮಾಡಬಹುದು?

10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 'ಇವರು ಅನರ್ಹರಲ್ಲವೇ?' ಅಂತ ಕೇಳಿದರೆ ಅದು ಮಾಹಿತಿಯಲ್ಲ ಅಂತ ಉತ್ತರ ಬರುತ್ತದೆ. ದಾಖಲೆ ಕೇಳಿ. ನನ್ನ ಮಕ್ಕಳು ಬರೆಯುವುದು ಹೀಗೆ: 'ದಿನಾಂಕ ಇಂಥದ್ದರ ನೇಮಕಾತಿ ಆದೇಶದ ಪ್ರತಿ, ಸದರಿ ಹುದ್ದೆಗೆ ಪರಿಗಣಿಸಿದ ಹೆಸರುಗಳ ಪಟ್ಟಿ, ಆಯ್ಕೆಗೆ ಕಾರಣ ದಾಖಲಿಸಿದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಒದಗಿಸುವುದು.' 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. 'ಅಂತಹ ಟಿಪ್ಪಣಿ ಲಭ್ಯವಿಲ್ಲ' ಅಂತ ಉತ್ತರ ಬಂದರೆ ಅದನ್ನ ಜೋಪಾನ ಮಾಡಿ. ಅದೇ ದೊಡ್ಡ ದಾಖಲೆ.

ನಾವೇ ಅಧಿಕಾರಿಯಾದ ಮೇಲೆ ಅಧ್ಯಕ್ಷರು ಫೋನಿನಲ್ಲಿ ತಪ್ಪು ಕೆಲಸ ಹೇಳಿದರೆ?

ಬರಹದಲ್ಲಿ ಕೇಳಿ. ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ನಡೆಯಬಾರದು, ಬಂದ ಸೂಚನೆಯನ್ನು ದಾಖಲಿಸಬೇಕು ಅಂತ 2013ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಒಂದು ಕಚೇರಿಯಲ್ಲಿ ಮ್ಯಾನೇಜರ್. ಪಟ್ಟಿಯಲ್ಲಿಲ್ಲದ ಒಬ್ಬರಿಗೆ ಸಾಲ ಮಂಜೂರು ಮಾಡು ಅಂತ ಅವಳಿಗೆ ಫೋನ್ ಬಂತು. ಅವಳು ಕಡತದಲ್ಲಿ ಬರೆದದ್ದು ಎರಡೇ ಸಾಲು: 'ಇಂದು ಬೆಳಗ್ಗೆ 11.20ಕ್ಕೆ ದೂರವಾಣಿ ಮೂಲಕ ಸೂಚಿಸಿದಂತೆ ಕಡತ ಮಂಡಿಸಿದೆ. ಅರ್ಜಿದಾರರ ಹೆಸರು ಆಯ್ಕೆಪಟ್ಟಿಯಲ್ಲಿ ಇರುವುದಿಲ್ಲ, ಲಿಖಿತ ಆದೇಶ ಕೋರಿದೆ.' ಎರಡು ವಾರ ಕಡತ ಮೇಲೆಯೇ ಇತ್ತು. ಆ ದಿನಗಳಲ್ಲಿ ಅವಳು ಸರಿಯಾಗಿ ನಿದ್ದೆ ಮಾಡಲಿಲ್ಲ, ರಾತ್ರಿ ನನಗೆ ಫೋನ್ ಮಾಡುತ್ತಿದ್ದಳು. ಆಮೇಲೆ ವಾಪಸ್ ಬಂದ ಕಡತದ ಅಂಚಿನಲ್ಲಿ 'ನಿಯಮಾನುಸಾರ ಕ್ರಮವಹಿಸಿ' ಅಂತ ಇತ್ತು, ಕೆಳಗೆ ಸಹಿ.